ಉಪ್ಪಿನ ವ್ಯಾಪಾರಿಗಳು ‘ಅಪರಾಧಿ’ಗಳಾದ ಬಗೆ

ಚೆನ್ನೈನ ರಾಜಾಜಿ ಸಾಲೈಯಲ್ಲಿ ಸಾಗುವವರಿಗೆ ಸೇಂಟ್ ಜಾರ್ಜ್ ಕೋಟೆ ಪರಿಚಿತವೇ. 1953ರವರೆಗೆ ಬಳ್ಳಾರಿಯವರ, 1956ರವರೆಗೆ ದಕ್ಷಿಣ ಕನ್ನಡದವರ ಹಣೆಬರಹವೂ ಇಲ್ಲಿಯೇ ಬರೆಯಲ್ಪಡುತ್ತಿತ್ತು. ಆ ಬರಹದ ಅತ್ಯಂತ ಕಠೋರ ಪುಟಗಳಲ್ಲೊಂದು ಕೊರವರದು. ಕನ್ನಡ ನಾಡಿನಲ್ಲಿ ಅವರನ್ನು ಕೊರಚರು, ಕೊರಮರು ಎನ್ನುತ್ತೇವೆ.

ಎತ್ತು ಕತ್ತೆಗಳ ಬೆನ್ನ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಒಯ್ದು ಧಾನ್ಯಕ್ಕೆ ಮಾರುವುದು ಅವರಲ್ಲಿ ಅನೇಕರ ಕುಲವೃತ್ತಿಯಾಗಿತ್ತು. 1805ರಲ್ಲಿ ಕಂಪನಿ ಸರಕಾರವು ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತು. 1856ರಲ್ಲಿ ರಾಯಪುರಂನಿಂದ ಹೊರಟ ರೈಲು ಬರಬರುತ್ತಾ ಎತ್ತಿನ ಹೇರನ್ನು ನಿರರ್ಥಕಗೊಳಿಸಿತು. 1882ರ ಅರಣ್ಯ ಕಾಯ್ದೆಯಿಂದ ಬುಟ್ಟಿ ಹೆಣೆಯುವ ಬಿದಿರಿಗೂ, ದನ ಮೇಯಿಸುವ ಹುಲ್ಲಿಗೂ ಅಡ್ಡಿಯಾಯಿತು. ಹೀಗೆ ಜೀವನೋಪಾಯವನ್ನು ಕಿತ್ತುಕೊಂಡ ಆಡಳಿತವೇ, ಕೆಲಸವಿಲ್ಲದೆ ಅಲೆಯುವವರೆಂದು ಅವರನ್ನು ಶಂಕಿಸತೊಡಗಿತು!

ಉತ್ತರ ಭಾರತಕ್ಕೆಂದು 1871ರಲ್ಲಿ ರಚಿತವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಸರಕಾರ ಒಂದು ಸಮುದಾಯವನ್ನು ಅಪರಾಧಿಯೆಂದು ಘೋಷಿಸಿದರೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಊರು ಬಿಡುವಾಗ ತಿಳಿಸಬೇಕು. ಬ್ಯಾಂಕಿನಲ್ಲಿ ದಶಕಗಳಿಂದ ಹೆಬ್ಬೆಟ್ಟಿನ ಗುರುತು ಪಡೆಯುತ್ತಿರುವ ನನಗೆ ಇದು ವಿಶೇಷವಾಗಿ ಕಾಡುತ್ತದೆ. ನಮ್ಮಲ್ಲಿ ಅದು ಗ್ರಾಹಕನ ಹಣಕ್ಕೆ ರಕ್ಷೆ; ಅಲ್ಲಿ ಹುಟ್ಟಿಗೇ ಅಂಟಿದ ಕಳಂಕ.

ಪೆರುವಿನಲ್ಲಿ ಸ್ಪೇನಿನ ವೈಸ್‌ರಾಯ್ ಟೊಲೆಡೊ 1570ರ ದಶಕದಲ್ಲಿ ಮೂಲನಿವಾಸಿಗಳನ್ನು ಅವರ ಹಳ್ಳಿಗಳಿಂದ ಎಬ್ಬಿಸಿ, ತೆರಿಗೆಗೂ ದುಡಿಮೆಗೂ ಧರ್ಮಬೋಧೆಗೂ ಅನುಕೂಲವಾಗುವಂತೆ ಹೊಸ ಊರುಗಳಲ್ಲಿ ಕೂಡಿಹಾಕಿದನು. ಮೂರೂವರೆ ಶತಮಾನದ ಬಳಿಕ ನಮ್ಮ ಪ್ರಾಂತ್ಯದಲ್ಲಿಯೂ ಅಂಥದೇ ವಸಾಹತುಗಳು ತಲೆಯೆತ್ತಿದವು. ಗುಂಟೂರು ಪ್ರದೇಶದಲ್ಲಿ 1913ರಲ್ಲಿ ಸಾಲ್ವೇಶನ್ ಆರ್ಮಿಯ ಆಡಳಿತದಲ್ಲಿ ಸ್ಥಾಪಿತವಾದ ಸ್ಟುವರ್ಟ್‌ಪುರಕ್ಕೆ ಮದ್ರಾಸ್ ಸರಕಾರದ ಹಿರಿಯ ಅಧಿಕಾರಿ ಹೆರಾಲ್ಡ್ ಸ್ಟುವರ್ಟರ ಹೆಸರನ್ನಿಟ್ಟರು. ಅಲ್ಲಿನ ಕೊರವರು ಚೀರಾಲದ ತಂಬಾಕು ಕಾರ್ಖಾನೆಗೆ ಅಗ್ಗದ ಕೂಲಿಗಳಾದರು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಲೂ ಕಾಯ್ದೆಯಲ್ಲಿ ಅವಕಾಶವಿತ್ತು. ಸುಧಾರಣೆಯೆಂಬ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಇದನ್ನು ಸಮರ್ಥಿಸಲಾಗದು.

ಕಣಿ ಹೇಳುವ ಕೊರವಂಜಿಯನ್ನು ನಾವೆಲ್ಲ ಅಕ್ಕರೆಯಿಂದ ಬಲ್ಲೆವು. 1942ರಲ್ಲಿ ರಾಶಿಯವರು ತಮ್ಮ ಹಾಸ್ಯಪತ್ರಿಕೆಗೆ ಆ ಹೆಸರನ್ನೇ ಇಟ್ಟರು. 1944ರಲ್ಲಿ ಇದೇ ನಗರದ ಕಲಾಕ್ಷೇತ್ರವು ‘ಕುಟ್ರಾಲ ಕುರವಂಜಿ’ ನೃತ್ಯನಾಟಕವನ್ನು ರಂಗಕ್ಕೆ ತಂದಿತು. ರಸಿಕರು ರಂಗದ ಮೇಲಿನ ಕೊರವಂಜಿಗೆ ಚಪ್ಪಾಳೆ ತಟ್ಟುತ್ತಿದ್ದ ದಿನಗಳಲ್ಲಿ ಅದೇ ಕುಲದ ಜನ ಪೊಲೀಸರ ದಾಖಲೆ ಪುಸ್ತಕದಲ್ಲಿದ್ದರು.

ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ, ದೇಶದಾದ್ಯಂತ 1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ಆದರೆ ಅಷ್ಟರೊಳಗೆ, 1948ರಲ್ಲಿಯೇ, ರೂಢಿಗತ ಅಪರಾಧಿಗಳನ್ನು ನಿರ್ಬಂಧಿಸುವ ಇನ್ನೊಂದು ಕಾಯ್ದೆ ಮದ್ರಾಸಿನಲ್ಲಿ ಜಾರಿಗೆ ಬಂದಿತ್ತು.