ಉಕ್ಕಿನ ಮೇಲೆ ಗುಂಡಿನ ಮಳೆ

ಮೋಟಾರಿನ ಎಂಜಿನ್ನಿನಲ್ಲಿ ಕವಾಟಗಳನ್ನು ಮುಚ್ಚುವ ಸ್ಪ್ರಿಂಗುಗಳು ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಕುಗ್ಗಿ ಹಿಗ್ಗುತ್ತಿರುತ್ತವೆ. ಅಂತಹ ಸ್ಪ್ರಿಂಗೊಂದನ್ನು ಅಂದವಾಗಿ ತಯಾರಿಸಿದ ಮೇಲೆ, ಗಸಗಸೆಗಿಂತ ಕಿರಿದಾದ ಉಕ್ಕಿನ ಗುಂಡುಗಳನ್ನು ಅದರ ಮೈಮೇಲೆ ಸೆಕೆಂಡಿಗೆ 50 ಮೀಟರು ವೇಗದಿಂದ ಎರಚಿದರೆ ಏನಾದೀತು? ಕೆಟ್ಟುಹೋದೀತೆಂದು ವಾಚಕರು ಹೇಳಿಯಾರು. ಆದರೆ ಹಾಗೆ ಪೆಟ್ಟು ತಿಂದ ಸ್ಪ್ರಿಂಗೇ ಹೆಚ್ಚು ಕಾಲ ಬಾಳುತ್ತದೆ. ಈ ಕ್ರಿಯೆಗೆ ಷಾಟ್ ಪೀನಿಂಗ್ ಎಂದು ಹೆಸರು. 1927ರಲ್ಲಿ ಇಂಗ್ಲೆಂಡಿನ ಹರ್ಬರ್ಟನು ಗುಂಡು ಸುರಿದು ಉಕ್ಕನ್ನು ಗಡುಸುಗೊಳಿಸುವ ತನ್ನ ವಿಧಾನವನ್ನು ‘ಮೇಘಸ್ಫೋಟ’ವೆಂದೇ ಕರೆದನು.

ಲೋಹಕ್ಕೂ ದಣಿವುಂಟು. ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಬಲವಾದರೂ ಲಕ್ಷಾಂತರ ಸಲ ಬಂದು ಹೋದರೆ ಎಲ್ಲಿಯೋ ಒಂದು ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು 56 ಜನರು ಮಡಿದರು. ಮೊದಲನೆಯದರ ಅವಶೇಷಗಳಲ್ಲಿ ಹೊದಿಕೆಯ ತೆರಪಿನ ಮೂಲೆಯೊಂದರಿಂದ ಹೊರಟ ಇಂತಹ ಬಿರುಕೇ ಕಂಡುಬಂದಿತು. ಅಲ್ಲಿ ಪೀನಿಂಗ್ ಮದ್ದಾಗುತ್ತಿತ್ತೆಂದು ನಮ್ಮ ಮಾತಲ್ಲ. ದಣಿವಿನ ಬಿರುಕು ಬಹುಮಟ್ಟಿಗೆ ಮೇಲ್ಮೈಯಲ್ಲಿ ಹುಟ್ಟುತ್ತದೆ, ಎಳೆತ ದೊರೆತಾಗ ಬಾಯಿ ತೆರೆಯುತ್ತದೆ; ಇದನ್ನು ಮರೆಯಬಾರದು.

ಗುಂಡಿನ ಪೆಟ್ಟು ಮಾಡುವ ಉಪಕಾರವೂ ಇಲ್ಲಿಯೇ ಇದೆ. ಪೆಟ್ಟು ಬಿದ್ದೆಡೆಯಲ್ಲಿ ಪುಟ್ಟ ಕುಳಿಯಾಗಿ ಮೇಲುಪದರವು ಸುತ್ತಲೂ ಹರಡಲೆಳಸುತ್ತದೆ. ಕೆಳಗಿನ ಪದರಗಳು ತಮ್ಮ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಂಡಿರುವುದಿಲ್ಲ. ಅವು ಹರಡಿದ ಪದರವನ್ನು ಹಿಂದಕ್ಕೆಳೆಯುತ್ತವೆ. ಹೀಗೆ ಮೇಲ್ಮೈಯು ಬಿಗಿಯಾಗಿ ಒತ್ತಲ್ಪಟ್ಟ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಹೊರಗಿನಿಂದ ಎಳೆತ ಬಂದರೂ ಅದು ಮೊದಲು ಈ ಒತ್ತುಬಲವನ್ನು ಗೆಲ್ಲಬೇಕು. ತಾಮ್ರದ ಕೊಡಕ್ಕೆ ಕಂಚುಗಾರನು ಕೊನೆಯಲ್ಲಿ ಸುತ್ತಿಗೆಯ ಚುಕ್ಕೆಗಳನ್ನಿಡುವಾಗ ಲೋಹವು ಗಡುಸಾಗುವುದೂ ಇದರ ನೆಂಟಸ್ತಿಕೆಯ ಸಂಗತಿಯೇ.

ತೊಡಕೇನೆಂದರೆ, ಈ ಒತ್ತುಬಲವು ಕಣ್ಣಿಗೆ ಕಾಣುವುದಿಲ್ಲ. ಕ್ಷ-ಕಿರಣಗಳಿಂದ ಅಳೆಯಬಹುದು, ಆದರೆ ಅವು ಉಕ್ಕಿನೊಳಗೆ ಕೆಲವೇ ಮೈಕ್ರಾನು ಇಳಿಯುವುದರಿಂದ, ಆಳದ ಸ್ಥಿತಿಯನ್ನರಿಯಲು ಪದರಪದರವಾಗಿ ಲೋಹವನ್ನು ಕರಗಿಸಿ ತೆಗೆಯಬೇಕು. ಅಷ್ಟರಲ್ಲಿ ಆ ಭಾಗವು ವಿಮಾನಕ್ಕೆ ನಿರುಪಯೋಗಿ. ಅಮೆರಿಕದ ಜನರಲ್ ಮೋಟಾರ್ಸಿನ ಆಲ್ಮೆನ್ನನು 1940ರ ದಶಕದಲ್ಲಿ ಒಂದು ಜಾಣ ಉಪಾಯವನ್ನು ಹೂಡಿದನು. 76 ಮಿಲಿಮೀಟರು ಉದ್ದದ ಸ್ಪ್ರಿಂಗ್ ಉಕ್ಕಿನ ಪಟ್ಟಿಯ ಒಂದು ಮುಖಕ್ಕೆ ಮಾತ್ರ ಗುಂಡು ಹೊಡೆದರೆ ಪಟ್ಟಿಯು ಬಿಲ್ಲಿನಂತೆ ಬಾಗುತ್ತದೆ. ಆ ಬಾಗಿನ ಎತ್ತರವೇ ಪೆಟ್ಟಿನ ತೀವ್ರತೆಯ ಅಳತೆ. ಕಾರ್ಖಾನೆಗಳು ಇಂದಿಗೂ ಇದನ್ನು ನೆಚ್ಚಿವೆ. ಆದರೆ ಪಟ್ಟಿಯು ಪಟ್ಟಿಯ ಸುದ್ದಿಯನ್ನು ಹೇಳೀತೇ ಹೊರತು ವಿಮಾನದ ಗಾಲಿಗಂಬದ ತಿರುವಿನೊಳಗೆ ಏನಾಯಿತೆಂಬುದನ್ನು ಹೇಳಲಾರದು.

ಆ ಕೊರತೆಯನ್ನು ತುಂಬಲು ಕಂಪ್ಯೂಟರು ಬಂದಿತು. ಲೋಹದ ತುಣುಕೊಂದನ್ನು ಗಣಿತದಲ್ಲಿ ಸಣ್ಣ ಇಟ್ಟಿಗೆಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ನ್ಯೂಟನ್ನನ ಚಲನ ನಿಯಮವನ್ನು ಹಚ್ಚುತ್ತೇವೆ. ಇಟ್ಟಿಗೆಯ ಅಂಚು 0.02 ಮಿಲಿಮೀಟರೆನ್ನೋಣ. ಉಕ್ಕಿನಲ್ಲಿ ಶಬ್ದದ ಅಲೆಯು ಸೆಕೆಂಡಿಗೆ ಸುಮಾರು 5,000 ಮೀಟರು ಓಡುತ್ತದೆ. ಅಂದರೆ ಒಂದು ಇಟ್ಟಿಗೆಯನ್ನು ದಾಟಲು ಸೆಕೆಂಡಿನ ನೂರು ಕೋಟಿಯಲ್ಲಿ 4 ಭಾಗ ಸಾಕು. ಲೆಕ್ಕದ ಒಂದೊಂದು ಹೆಜ್ಜೆಯೂ ಇದಕ್ಕಿಂತ ದೊಡ್ಡದಾಗಕೂಡದು. ಆದರೆ ಅಲೆಗಿಂತ ಲೆಕ್ಕವೇ ಹಿಂದೆ ಬಿದ್ದು ಉತ್ತರವು ಹುಚ್ಚುಹಿಡಿದಂತೆ ಬೆಳೆಯುತ್ತದೆ. ಗುಂಡು ಲೋಹವನ್ನು ಮುಟ್ಟಿ ಪುಟಿಯುವುದು ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಭಾಗದಲ್ಲಿ. ಆ ಒಂದು ಪೆಟ್ಟಿಗೇ ನೂರಾರು ಹೆಜ್ಜೆಗಳು ಬೇಕು.

ಪೆಟ್ಟುಗಳಾದರೂ ಎಷ್ಟು? 0.6 ಮಿಲಿಮೀಟರು ವ್ಯಾಸದ ಉಕ್ಕಿನ ಗುಂಡುಗಳು ಒಂದು ಗ್ರಾಮಿಗೆ 1,100ಕ್ಕೂ ಹೆಚ್ಚು. ಅವು ಗುರಿಯಿಲ್ಲದೆ ಬೀಳುವುದರಿಂದ ಒಂದು ಕುಳಿಯ ಮೇಲೆ ಇನ್ನೊಂದು ಬರುತ್ತದೆ. ಕುಳಿಗಳ ಒಟ್ಟು ವಿಸ್ತಾರವು ಮೇಲ್ಮೈಯಷ್ಟೇ ಆದಾಗ ಮುಚ್ಚಿರುವುದು ಶೇಕಡ 63 ಭಾಗ ಮಾತ್ರ. ಶೇಕಡ 98 ಮುಚ್ಚಲು ಸುಮಾರು ನಾಲ್ಕು ಪಟ್ಟು ಬೇಕು. ಕುಳಿಯ ವ್ಯಾಸ 0.2 ಮಿಲಿಮೀಟರಾದರೆ, ಒಂದು ಚದರ ಮಿಲಿಮೀಟರಿಗೆ ಸುಮಾರು 125 ಪೆಟ್ಟು! ಆದುದರಿಂದ ಇಡೀ ಯಂತ್ರಭಾಗವನ್ನು ಬಿಟ್ಟು, ಸಣ್ಣ ತುಣುಕೊಂದರ ಮೇಲೆ ಚೀಟಿಯೆತ್ತಿದಂತೆ ಎಲ್ಲೆಂದರಲ್ಲಿ ಗುಂಡುಗಳನ್ನು ಬೀಳಿಸಿ, ಅಲ್ಲಿ ದೊರೆತ ಸರಾಸರಿಯನ್ನು ದೊಡ್ಡ ಭಾಗಕ್ಕೆ ಅನ್ವಯಿಸುತ್ತಾರೆ.

ಲೆಕ್ಕದ ಪ್ರಾಣವಿರುವುದು ಲೋಹದ ಸ್ವಭಾವವನ್ನು ಹೇಳುವ ಸೂತ್ರದಲ್ಲಿ. ಮೆಲ್ಲಗೆ ಎಳೆದಾಗ ಬಗ್ಗುವ ಉಕ್ಕು ಮಿಂಚಿನ ಪೆಟ್ಟಿಗೆ ಹೆಚ್ಚು ಎದುರುನಿಲ್ಲುತ್ತದೆ. 1983ರಲ್ಲಿ ಪ್ರಕಟವಾದ ಜಾನ್ಸನ್ ಮತ್ತು ಕುಕ್ ಅವರ ಸೂತ್ರವು ಇದನ್ನು ಗಣನೆಗೆ ತರುತ್ತದೆ. ಒಂದು ಕಡೆಗೆ ಬಗ್ಗಿದ ಲೋಹವು ಎದುರು ದಿಕ್ಕಿಗೆ ಬೇಗನೆ ಬಾಗುವುದೂ ಉಂಟು. ಈ ಗುಣವನ್ನು ಕೈಬಿಟ್ಟರೆ ಕಂಪ್ಯೂಟರು ಮೇಲ್ಮೈಯ ಒತ್ತುಬಲವನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುವ ಸಂಭವವಿದೆ. ಎಂಜಿನಿಯರನು ಇಲ್ಲದ ರಕ್ಷಣೆಯನ್ನು ನಂಬಿ ಕುಳಿತಾನು. ಅದರಿಂದಲೇ ಲೆಕ್ಕವನ್ನು ಕ್ಷ-ಕಿರಣದ ಅಳತೆಯೊಡನೆಯೂ ಆಲ್ಮೆನ್ ಪಟ್ಟಿಯ ಬಾಗಿನೊಡನೆಯೂ ಹೋಲಿಸದೆ ಬಿಡುವಂತಿಲ್ಲ.

ಕಂಪ್ಯೂಟರಿನ ಗುಂಡುಗಳು ಸಾಮಾನ್ಯವಾಗಿ ನುಣ್ಣನೆಯ ಗೋಳಗಳು. ಕಾರ್ಖಾನೆಯಲ್ಲಿ ಅವು ಬಡಿದು ಬಡಿದು ಒಡೆಯುತ್ತವೆ. ಒಡೆದ ಚೂರಿನ ಚೂಪಾದ ಅಂಚು ಮೇಲ್ಮೈಯನ್ನು ಸೀಳಿ ಹೊಸ ಬಿರುಕಿಗೆ ತಾನೇ ದಾರಿ ಮಾಡಿಕೊಡಬಲ್ಲದು. ಆದಕಾರಣ ಬಳಸಿದ ಗುಂಡುಗಳನ್ನು ಸುರುಳಿಯಾಕಾರದ ಜಾರುದಾರಿಯಲ್ಲಿ ಹರಿಯಬಿಡುತ್ತಾರೆ: ದುಂಡಗಿನವು ವೇಗವಾಗಿ ಉರುಳಿ ಹೊರ ಅಂಚಿಗೆ ಸಿಡಿಯುತ್ತವೆ, ಮುರಿದವು ತೆವಳುತ್ತ ಒಳಗಿನ ದಾರಿಯಲ್ಲಿ ಇಳಿದು ತೊಟ್ಟಿಗೆ ಬೀಳುತ್ತವೆ.