ಓದುವವರ ಹಸಿವು, ಮನಸ್ಸಿನ ಭಾರ

ಆಹಾರ ಅಭದ್ರತೆ ಎಂದರೆ ಉಪವಾಸ ಬೀಳುವುದಷ್ಟೇ ಅಲ್ಲ. ದುಡ್ಡಿಲ್ಲದೆ ಒಂದು ಹೊತ್ತಿನ ಊಟ ಬಿಡುವುದು, ಅರೆಹೊಟ್ಟೆಯಲ್ಲೇ ಏಳುವುದು, ತಿಂಗಳ ಕೊನೆಗೆ ದಿನಸಿ ಸಾಲುವುದೋ ಇಲ್ಲವೋ ಎಂದು ಚಿಂತಿಸುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಇದನ್ನು ಅಳೆಯಲು ಅಮೆರಿಕದ ಕೃಷಿ ಇಲಾಖೆ ವಯಸ್ಕರಿಗೆಂದು ರೂಪಿಸಿದ 10 ಪ್ರಶ್ನೆಗಳಲ್ಲಿ ಮೊದಲನೆಯದೇ ಈ ಚಿಂತೆಯ ಕುರಿತದ್ದು.

ಶ್ರೀಮಂತ ದೇಶವಾದ ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಈ ಸಮಸ್ಯೆ ವ್ಯಾಪಕವಾಗಿದೆ. 2020ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ ಶೇ. 23ರಷ್ಟು, ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ ಶೇ. 12ರಷ್ಟು ಮಂದಿ ಆಹಾರ ಅಭದ್ರತೆ ಎದುರಿಸುತ್ತಿದ್ದರು. ಶುಲ್ಕವನ್ನೂ ಬಾಡಿಗೆಯನ್ನೂ ಮುಂದೂಡಲಾಗದು. ಕೈ ಬಿಗಿಯಾದಾಗ ಕಡಿತವಾಗುವುದು ಊಟವೇ.

ಹಸಿವು ಮನಸ್ಸನ್ನು ಹೇಗೆ ಕೆಡಿಸುತ್ತದೆ ಎಂಬುದು 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ ಸ್ಪಷ್ಟವಾಯಿತು. ಆರೋಗ್ಯವಂತ 36 ಯುವಕರಿಗೆ 24 ವಾರ ಸುಮಾರು ಅರ್ಧದಷ್ಟೇ ಆಹಾರ ಕೊಡಲಾಯಿತು. ಅವರಲ್ಲಿ ಖಿನ್ನತೆ, ಸಿಡುಕು ಹೆಚ್ಚಿದವು. ಗೆಳೆಯರ ಒಡನಾಟ ಬೇಡವಾಯಿತು. ದಿನವಿಡೀ ಊಟದ್ದೇ ಯೋಚನೆಯಾಯಿತು. ಆ ಪ್ರಯೋಗಕ್ಕೆ ಗೊತ್ತಾದ ಕೊನೆಯ ದಿನವಿತ್ತು. ವಿದ್ಯಾರ್ಥಿಯ ಅಭಾವಕ್ಕೆ ಅದಿಲ್ಲ. ಆತಂಕದಿಂದ ನಿದ್ದೆ ಕೆಡುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಅಂಕ ಕುಸಿಯುತ್ತವೆ. ಖಿನ್ನತೆಗೆ ಒಳಗಾದವರಿಗೆ ಅಡುಗೆ ಮಾಡುವ, ದುಡಿಯುವ ಉತ್ಸಾಹವೂ ಉಳಿಯದೆ ಊಟ ಇನ್ನಷ್ಟು ತಪ್ಪುತ್ತದೆ. ನಾಚಿಕೆಯಿಂದ ಹಲವರು ಯಾರ ಬಳಿಯೂ ಹೇಳಿಕೊಳ್ಳುವುದಿಲ್ಲ.

ನೆರವಿನ ಪ್ರಯತ್ನಗಳೂ ನಡೆದಿವೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1993ರಲ್ಲಿ ಉಚಿತ ದಿನಸಿ ಕೇಂದ್ರ ತೆರೆದರು; ಇಂಥ ‘ಫುಡ್ ಪ್ಯಾಂಟ್ರಿ’ಗಳು ಈಗ ನೂರಾರು ಕ್ಯಾಂಪಸ್‌ಗಳಲ್ಲಿವೆ. ಸರ್ಕಾರದ ‘ಸ್ನ್ಯಾಪ್’ ಆಹಾರ ನೆರವು ಪಡೆಯಲು ಮಾತ್ರ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ದುಡಿಯಬೇಕು, ಇಲ್ಲವೇ ನಿಗದಿತ ವಿನಾಯಿತಿಗಳಲ್ಲಿ ಒಂದಕ್ಕೆ ಒಳಪಡಬೇಕು. ಅರ್ಹರಾಗಬಹುದಾಗಿದ್ದ ಸುಮಾರು 20 ಲಕ್ಷ ವಿದ್ಯಾರ್ಥಿಗಳಿಗೆ ಈ ನೆರವು ತಲುಪಿಲ್ಲವೆಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಎಫ್-1 ವೀಸಾದಲ್ಲಿ ಓದಲು ಹೋದ ಕನ್ನಡಿಗರೂ ಸೇರಿದಂತೆ ವಿದೇಶಿ ವಿದ್ಯಾರ್ಥಿಗಳಿಗೆ ‘ಸ್ನ್ಯಾಪ್’ ಇಲ್ಲ. ತರಗತಿ ನಡೆಯುವ ದಿನಗಳಲ್ಲಿ ಅವರ ಕ್ಯಾಂಪಸ್ ಕೆಲಸಕ್ಕೂ ವಾರಕ್ಕೆ 20 ಗಂಟೆಯ ಮಿತಿಯಿದೆ.

ಓದುವವರಿಗೆ ಮೊದಲು ಅನ್ನ ಎಂಬ ತಿಳಿವಳಿಕೆ ಕರ್ನಾಟಕಕ್ಕೆ ಹೊಸದಲ್ಲ. ಹಿಂದಿನ ವಾರಾನ್ನ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ನಡೆಯುವ ದಾಸೋಹ ಅದರ ಮೇಲೆಯೇ ನಿಂತಿವೆ. ಯಾವ ದೇಶದ ವಿಶ್ವವಿದ್ಯಾಲಯವೇ ಆಗಲಿ, ಖಿನ್ನತೆಯೆಂದು ಬಂದ ವಿದ್ಯಾರ್ಥಿಯ ಊಟದ ಸ್ಥಿತಿಯನ್ನೂ ವಿಚಾರಿಸಬೇಕು, ದಿನಸಿಗೆ ಬಂದವರಿಗೆ ಆಪ್ತಸಮಾಲೋಚಕರ ದಾರಿಯನ್ನೂ ತೋರಿಸಬೇಕು.