ಅಧಿಕಾರದ ಮೊಹರು

ಕಚೇರಿಯ ಕಾಗದಕ್ಕೆ ಬೆಲೆ ಬರುವುದು ಅದರ ಮೇಲಿನ ಮೊಹರಿನಿಂದ. ಪ್ರತಿಯೊಂದು ರಸೀದಿಗೂ ಅಧಿಕಾರಿಯೇ ಕುಳಿತು ಮೊಹರೊತ್ತುವುದು ಸಾಧ್ಯವಿಲ್ಲ. ಆದುದರಿಂದ ಆತನು ನಂಬಿಕಸ್ಥನಾದ ಗುಮಾಸ್ತನೊಬ್ಬನಿಗೆ ಮೊಹರನ್ನು ಒಪ್ಪಿಸಿ, ಕಂದಾಯದ ರಸೀದಿಗಳಿಗೆ ಮಾತ್ರ ಒತ್ತಬೇಕೆಂದು ಆಜ್ಞೆ ಮಾಡುತ್ತಾನೆ. ಯಾವನೋ ಒಬ್ಬನು ರಸೀದಿಗಳ ಕಟ್ಟಿನ ನಡುವೆ ಜಮೀನಿನ ಪತ್ರವೊಂದನ್ನು ಸೇರಿಸಿಟ್ಟನೆಂದು ಭಾವಿಸಿ. ಗುಮಾಸ್ತನು ನೋಡದೆ ಒತ್ತಿದರೆ ಪರರ ಹೊಲವು ಅವನ ಪಾಲಾಗಬಹುದು. ಮೊಹರು ನಕಲಿಯಲ್ಲ, ಗುಮಾಸ್ತನು ಲಂಚ ತಿಂದವನಲ್ಲ, ಆದರೂ ಅನ್ಯಾಯವು ನಡೆದುಹೋಯಿತು. ಗಣಕಯಂತ್ರದೊಳಗೂ ಇಂತಹ ಮೊಹರು ಉಂಟು, ಇಂತಹ ಗುಮಾಸ್ತರೂ ಉಂಟು.

ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಪದ್ಧತಿ ಬಂದಾಗ, ಒಬ್ಬರ ಕಡತಗಳನ್ನು ಮತ್ತೊಬ್ಬರು ತಿದ್ದದಂತೆ ಕಾಯುವ ಅಗತ್ಯವೂ ಬಂದಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸಲು ತೊಡಗಿದರು. ಅದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಆದ ಎಲ್ಲೆಯುಂಟು. ಎಲ್ಲ ಎಲ್ಲೆಗಳನ್ನೂ ಮೀರಬಲ್ಲವನು ಒಬ್ಬನೇ. ಆತನ ಹೆಸರು ‘ರೂಟ್’. ಯಾವ ಕಡತವನ್ನಾದರೂ ಓದುವ, ತಿದ್ದುವ, ಅಳಿಸುವ ಅಧಿಕಾರ ಆತನಿಗಿದೆ.

ಆದರೆ ಒಂದು ತೊಡಕು ಎದುರಾಯಿತು. ಬಳಕೆದಾರನೊಬ್ಬನು ತನ್ನ ಗುಪ್ತಪದವನ್ನು ಬದಲಾಯಿಸಬೇಕಾಗಿದೆ. ಗುಪ್ತಪದಗಳ ಕಡತವನ್ನು ತಿದ್ದುವ ಹಕ್ಕು ರೂಟ್‌ಗೆ ಮಾತ್ರ ಇರುವುದು. ಇಷ್ಟು ಸಣ್ಣ ಕೆಲಸಕ್ಕಾಗಿ ಎಲ್ಲರಿಗೂ ರೂಟ್ ಅಧಿಕಾರವನ್ನು ಕೊಡಲಾದೀತೇ? ಈ ತೊಡಕಿಗೆ ರಿಚಿ ಅವರು ‘ಸೆಟ್‌ಯುಐಡಿ’ ಎಂಬ ಜಾಣ ಉಪಾಯವೊಂದನ್ನು ಕಂಡುಹಿಡಿದರು. ಒಂದು ತಂತ್ರಾಂಶಕ್ಕೆ ಈ ಗುರುತನ್ನು ಹಾಕಿದರೆ, ಅದನ್ನು ಯಾರೇ ಆರಂಭಿಸಲಿ, ಅದು ತನ್ನ ಒಡೆಯನ ಅಧಿಕಾರದಿಂದಲೇ ಕೆಲಸ ಮಾಡುತ್ತದೆ. ಒಡೆಯನು ರೂಟ್ ಆಗಿದ್ದರೆ ತಂತ್ರಾಂಶಕ್ಕೂ ರೂಟ್‌ನ ಬಲ ಬರುತ್ತದೆ. ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ದೊರೆಯಿತು. ಮುಂದೆ ಲಿನಕ್ಸ್ ವ್ಯವಸ್ಥೆಯೂ ಇದನ್ನೇ ಅನುಸರಿಸಿತು.

ಉಪಾಯವು ಒಳ್ಳೆಯದೇ. ಆದರೆ ಅದರೊಡನೆ ಅಪಾಯವೂ ಬಂದಿತು. ಗುಪ್ತಪದವನ್ನು ಬದಲಾಯಿಸುವ ತಂತ್ರಾಂಶಕ್ಕೆ ಬೇಕಾದುದು ಒಂದೇ ಒಂದು ಕಡತವನ್ನು ತಿದ್ದುವ ಹಕ್ಕು. ಅದಕ್ಕೆ ದೊರೆತುದಾದರೋ ಇಡೀ ಯಂತ್ರದ ಒಡೆತನ. ಇಂತಹ ತಂತ್ರಾಂಶದಲ್ಲಿ ಒಂದು ಸಣ್ಣ ತಪ್ಪು ಉಳಿದರೂ, ಸಾಮಾನ್ಯ ಬಳಕೆದಾರನು ಅದರ ಮೂಲಕ ರೂಟ್‌ನ ಅಧಿಕಾರವನ್ನು ಕಸಿದುಕೊಳ್ಳಬಹುದು. ಇಂತಹ ತಪ್ಪನ್ನು ತಜ್ಞರು ಸ್ಥಳೀಯ ಅಧಿಕಾರವರ್ಧನೆಯ ದೋಷವೆಂದು ಕರೆಯುತ್ತಾರೆ. ಯಂತ್ರದೊಳಗೆ ಈಗಾಗಲೇ ಪ್ರವೇಶವಿರುವವನು ಮಾತ್ರ ಇದನ್ನು ಬಳಸಬಲ್ಲನಾದುದರಿಂದ ‘ಸ್ಥಳೀಯ’ ಎಂಬ ಮಾತು ಬಂದಿದೆ. ಹಾಗೆಂದು ಇದನ್ನು ಅಲ್ಪವೆಂದು ಎಣಿಸಬಾರದು. ಹೊರಗಿನ ಕಳ್ಳನು ಬೇರಾವುದೋ ಕಿಂಡಿಯಿಂದ ಅಂಗಳಕ್ಕೆ ಇಳಿದರೆ, ಅಂಗಳದಿಂದ ಉಗ್ರಾಣಕ್ಕೆ ಕರೆದೊಯ್ಯುವುದು ಈ ದೋಷವೇ.

ಇದಕ್ಕೆ ಒಂದು ನಿದರ್ಶನವನ್ನು ನೋಡೋಣ. ಲಿನಕ್ಸ್ ಯಂತ್ರಗಳಲ್ಲಿ ‘ಪಿಕೆಎಕ್ಸೆಕ್’ ಎಂಬ ತಂತ್ರಾಂಶವೊಂದಿದೆ. ಬಳಕೆದಾರನಿಗೆ ಅನುಮತಿಯಿದೆಯೇ ಎಂದು ಪರೀಕ್ಷಿಸಿ, ಇದ್ದರೆ ಮಾತ್ರ ಆತನು ಬಯಸಿದ ತಂತ್ರಾಂಶವನ್ನು ರೂಟ್ ಅಧಿಕಾರದಲ್ಲಿ ನಡೆಸಿಕೊಡುವುದು ಇದರ ಕೆಲಸ. ಅಂದರೆ ಇದು ಬಾಗಿಲನ್ನು ಕಾಯುವ ಕಾವಲುಗಾರ. ಉಬುಂಟು, ಡೆಬಿಯನ್, ಫೆಡೋರಾ ಮುಂತಾದ ಪ್ರಸಿದ್ಧ ಲಿನಕ್ಸ್ ಪ್ರಭೇದಗಳೊಡನೆ ಇದು ತಾನಾಗಿಯೇ ಬರುತ್ತಿತ್ತು.

ಯಾವುದೇ ತಂತ್ರಾಂಶವು ಆರಂಭವಾಗುವಾಗ ಅದಕ್ಕೆ ಎರಡು ಪಟ್ಟಿಗಳು ದೊರೆಯುತ್ತವೆ. ಮೊದಲನೆಯದು ಆಜ್ಞೆಗಳ ಪಟ್ಟಿ. ಅದರ ಮೊದಲ ಸಾಲಿನಲ್ಲಿ ಆ ತಂತ್ರಾಂಶದ ಹೆಸರೇ ಇರುವುದು ರೂಢಿ. ಎರಡನೆಯದು ಪರಿಸರದ ಪಟ್ಟಿ. ಯಾವ ವಸ್ತು ಎಲ್ಲಿ ದೊರೆಯುತ್ತದೆ ಎಂಬಂತಹ ಸೂಚನೆಗಳು ಅದರಲ್ಲಿರುತ್ತವೆ. ಸ್ಮೃತಿಯಲ್ಲಿ ಇವೆರಡೂ ಒಂದರ ಬೆನ್ನಿಗೆ ಒಂದು ಇರುತ್ತವೆ. ಪಿಕೆಎಕ್ಸೆಕ್ ತನ್ನ ಹೆಸರಿನ ಸಾಲನ್ನು ಬಿಟ್ಟು, ಆಜ್ಞೆಗಳನ್ನು ಎರಡನೆಯ ಸಾಲಿನಿಂದ ಓದುತ್ತಿತ್ತು. ಮೊದಲ ಪಟ್ಟಿಯು ಪೂರ್ತಿ ಬರಿದಾಗಿದ್ದರೆ ಏನು ಗತಿ ಎಂಬುದನ್ನು ಅದನ್ನು ಬರೆದವರು ಆಲೋಚಿಸಿರಲಿಲ್ಲ. ಹಾಗೆ ಬರಿದಾಗಿದ್ದಾಗ ಅದು ಗೆರೆ ದಾಟಿ, ಪರಿಸರದ ಪಟ್ಟಿಯ ಮೊದಲ ಸಾಲನ್ನೇ ಆಜ್ಞೆಯೆಂದು ಓದುತ್ತಿತ್ತು. ಅಷ್ಟೇ ಅಲ್ಲದೆ, ಅದೇ ಸಾಲಿನಲ್ಲಿ ಹೊಸದೊಂದನ್ನು ಬರೆಯುತ್ತಲೂ ಇತ್ತು.

ಇದರಿಂದ ಆದ ಅನಾಹುತವೇನು? ರೂಟ್‌ನ ಬಲವುಳ್ಳ ತಂತ್ರಾಂಶವು ಆರಂಭವಾಗುವ ಮೊದಲು, ಪರಿಸರದ ಪಟ್ಟಿಯಲ್ಲಿರುವ ಅಪಾಯಕರ ಸೂಚನೆಗಳನ್ನು ವ್ಯವಸ್ಥೆಯು ಅಳಿಸಿಹಾಕುತ್ತದೆ. ಪಿಕೆಎಕ್ಸೆಕ್ ಈ ಶುದ್ಧಿಯ ನಂತರ ಪಟ್ಟಿಯಲ್ಲಿ ಬರೆಯುತ್ತಿದ್ದುದರಿಂದ, ಅಳಿದುಹೋದ ಸೂಚನೆಯನ್ನು ಅದರ ಕೈಯಿಂದಲೇ ಮತ್ತೆ ಒಳಗೆ ಸೇರಿಸುವುದು ಸಾಧ್ಯವಾಯಿತು. ಆ ಸೂಚನೆಯನ್ನು ನಂಬಿ, ಅದು ದುಷ್ಟನು ಸಿದ್ಧಪಡಿಸಿಟ್ಟ ತಂತ್ರಾಂಶದ ತುಣುಕನ್ನು ರೂಟ್‌ನ ಬಲದೊಡನೆ ನಡೆಸುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತು!

ಈ ದೋಷವು 2009ರ ಮೇ ತಿಂಗಳಿನಿಂದಲೂ ಅಲ್ಲಿಯೇ ಇದ್ದಿತು. ಕ್ವಾಲಿಸ್ ಎಂಬ ಸಂಸ್ಥೆಯ ಸಂಶೋಧಕರು ಅದನ್ನು ಪತ್ತೆಮಾಡಿ, 2021ರ ನವೆಂಬರ್‌ನಲ್ಲಿ ಸಂಬಂಧಪಟ್ಟವರಿಗೆ ಗುಟ್ಟಾಗಿ ತಿಳಿಸಿದರು. ಪರಿಹಾರವು ಸಿದ್ಧವಾದ ಮೇಲೆ, 2022ರ ಜನವರಿ 25ರಂದು ವಿಷಯವನ್ನು ಪ್ರಕಟಿಸಿದರು. ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗೇ ಇದ್ದ ಈ ತಪ್ಪನ್ನು ತಿದ್ದಲು ಬೇಕಾದುದು ಪಟ್ಟಿ ಬರಿದಾಗಿದೆಯೇ ಎಂಬ ಪರೀಕ್ಷೆ ಮಾತ್ರ. ಒಡನೆಯೇ ತಿದ್ದುಪಡಿಯನ್ನು ಅಳವಡಿಸಲಾಗದವರಿಗೆ ತಜ್ಞರು ಮತ್ತೊಂದು ದಾರಿಯನ್ನು ಸೂಚಿಸಿದರು: ಪಿಕೆಎಕ್ಸೆಕ್‌ಗೆ ಕೊಟ್ಟ ಸೆಟ್‌ಯುಐಡಿ ಗುರುತನ್ನು ತೆಗೆದುಹಾಕುವುದು. ಅಂದರೆ ಗುಮಾಸ್ತನ ಕೈಯಿಂದ ಮೊಹರನ್ನು ಹಿಂದಕ್ಕೆ ಪಡೆಯುವುದು!

ಮನುಷ್ಯನು ಬರೆದುದರಲ್ಲಿ ತಪ್ಪುಗಳಿರುವುದು ಸಹಜ. ತಪ್ಪು ಎಷ್ಟು ಹಾನಿ ಮಾಡೀತೆಂಬುದು ಬಹುಮಟ್ಟಿಗೆ ತಂತ್ರಾಂಶಕ್ಕೆ ಕೊಟ್ಟ ಅಧಿಕಾರವನ್ನು ಅವಲಂಬಿಸಿದೆ. ಚಿತ್ರ ಬಿಡಿಸುವ ತಂತ್ರಾಂಶವು ಎಡವಿದರೆ ಚಿತ್ರವೊಂದು ಕೆಡಬಹುದು. ರೂಟ್‌ನ ಬಲವುಳ್ಳದ್ದು ಎಡವಿದರೆ ಇಡೀ ಯಂತ್ರವೇ ಪರರ ವಶವಾಗಬಹುದು. ಇದನ್ನರಿತೇ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಷ್ಟು ಹಿಂದೆಯೇ ಒಂದು ನಿಯಮವನ್ನು ಒತ್ತಿ ಹೇಳಿದರು. ಪ್ರತಿಯೊಂದು ತಂತ್ರಾಂಶಕ್ಕೂ ಪ್ರತಿಯೊಬ್ಬ ಬಳಕೆದಾರನಿಗೂ ತಮ್ಮ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು ಎಂಬುದೇ ಆ ನಿಯಮ. ಇದಕ್ಕೆ ಕನಿಷ್ಠ ಅಧಿಕಾರದ ತತ್ತ್ವವೆಂದು ಹೆಸರು. ಆಂಡ್ರಾಯ್ಡ್ ದೂರವಾಣಿಗಳು ಪ್ರತಿಯೊಂದು ತಂತ್ರಾಂಶವನ್ನೂ ಬೇರೆ ಬೇರೆ ಬಳಕೆದಾರನೆಂಬಂತೆ ಎಣಿಸಿ ದೂರವಿಡುವುದು ಇದೇ ತತ್ತ್ವದಿಂದ.

ಈ ತತ್ತ್ವವನ್ನು ಪಾಲಿಸುವುದು ತಜ್ಞರ ಕರ್ತವ್ಯ ಮಾತ್ರವಲ್ಲ, ನಮ್ಮದೂ ಹೌದು. ದೀಪ ಹಚ್ಚುವುದಕ್ಕಷ್ಟೇ ಇರುವ ತಂತ್ರಾಂಶವು ನಮ್ಮ ಬಂಧುಮಿತ್ರರ ದೂರವಾಣಿ ಸಂಖ್ಯೆಗಳನ್ನು ಓದಲು ಅನುಮತಿ ಬೇಡಿದರೆ, ‘ಏಕೆ?’ ಎಂದು ಕೇಳಿಕೊಳ್ಳಬೇಕು. ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರನ ಖಾತೆಯನ್ನೇ ಬಳಸಬೇಕು. ತಿದ್ದುಪಡಿಗಳು ಬಂದೊಡನೆ ಅವುಗಳನ್ನು ಅಳವಡಿಸಿಕೊಳ್ಳಬೇಕು. ನಂಬಿಕೆಯು ದೊಡ್ಡ ಗುಣವೇ. ಆದರೆ ನಂಬಿದವರ ಕೈಗೂ ಕೆಲಸಕ್ಕೆ ತಕ್ಕಷ್ಟೇ ಅಧಿಕಾರವನ್ನು ಕೊಡುವುದು ಅವಿಶ್ವಾಸವಲ್ಲ, ವಿವೇಕ.